ಚುಕ್ಕಿ ಸರಿದ ಮಾತ್ರಕ್ಕೆ ಅಂಟಿತು ಅನ್ನಬೇಡಿ

ಒಂದು ಸೋಮವಾರ ಬೆಳಿಗ್ಗೆ ನಮ್ಮ ಲ್ಯಾಬಿನ ವಿದ್ಯಾರ್ಥಿನಿಯೊಬ್ಬಳು ಪ್ರಿಂಟ್ ಹಿಡಿದು ಬಂದಳು. ಎರಡು ಸ್ಪೆಕ್ಟ್ರಮ್ ಒಂದರ ಮೇಲೊಂದು. ಕಪ್ಪು ಚುಕ್ಕಿಗಳು ಬರೀ ಪ್ರೋಟೀನಿನವು, ಕೆಂಪು ಚುಕ್ಕಿಗಳು ಅದಕ್ಕೆ ಸಣ್ಣ ಅಣುವೊಂದನ್ನು ಬೆರೆಸಿದ ಮೇಲಿನವು. "ಸರ್, ಹದಿನಾಲ್ಕು ಪೀಕ್ ಸರಿದಿವೆ. ಬೈಂಡ್ ಆಗಿದೆ!" ರಾತ್ರಿಯೆಲ್ಲ ಮಶೀನ್ ಮುಂದೆ ಕೂತಿದ್ದಳೆಂದು ಕಣ್ಣೇ ಹೇಳುತ್ತಿತ್ತು.

"ಪಿಎಚ್ ನೋಡಿದ್ಯಾ?" ಅಂದೆ.

"ಬಫರ್ ಇದೆಯಲ್ಲ ಸರ್."

ಪಿಎಚ್ ಅಂದರೆ ದ್ರಾವಣ ಎಷ್ಟು ಆಮ್ಲೀಯ ಅನ್ನುವುದರ ಅಳತೆ, ಬಫರ್ ಅದು ಏರಿಳಿಯದಂತೆ ತಡೆಯುವ ದ್ರಾವಣ. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಈ ಚುಕ್ಕಿಗಳ ವಿಷಯ. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರ. ಪ್ರೋಲೀನ್ ಒಂದನ್ನು ಬಿಟ್ಟರೆ ಸರದ ಹೆಚ್ಚುಕಡಿಮೆ ಪ್ರತಿ ಮಣಿಗೂ ಬೆನ್ನಲ್ಲೊಂದು ನೈಟ್ರೋಜನ್, ಅದಕ್ಕೆ ಜೋಡಿಯಾಗಿ ಒಂದು ಹೈಡ್ರೋಜನ್. ಬಲವಾದ ಕಾಂತಕ್ಷೇತ್ರದಲ್ಲಿಟ್ಟು ಪರಮಾಣುಗಳ ಸಂಕೇತ ಅಳೆಯುವ ವಿಧಾನ ಎನ್‌ಎಂಆರ್. ಅದರಲ್ಲಿ ಎಚ್‌ಎಸ್‌ಕ್ಯೂಸಿ ಎಂಬ ಪ್ರಯೋಗ ಜೋಡಿಗೊಂದರಂತೆ ಹಾಳೆಯ ಮೇಲೆ ಚುಕ್ಕಿ ಇಡುತ್ತದೆ, ಲೆಕ್ಕ ತಪ್ಪಿದ ರಂಗೋಲಿಯ ಹಾಗೆ. ಸುತ್ತಲಿನ ಎಲೆಕ್ಟ್ರಾನುಗಳು ಸ್ವಲ್ಪ ಅಲುಗಿದರೂ ಆ ಜೋಡಿಯ ಚುಕ್ಕಿ ಜಾಗ ಬದಲಿಸುತ್ತದೆ. ಪಕ್ಕದಲ್ಲಿ ಹೊಸ ಅಣು ಬಂದು ಕೂತರಂತೂ ಸರಿಯೇ.

ಇದಕ್ಕೆ ನೈಟ್ರೋಜನ್-15 ಎಂಬ, ಸ್ವಲ್ಪ ಹೆಚ್ಚು ಭಾರದ ನೈಟ್ರೋಜನ್ ಬೇಕು. ನಿಸರ್ಗದ ನೈಟ್ರೋಜನ್‌ನಲ್ಲಿ ಅದು ಶೇ. 0.4ರಷ್ಟೂ ಇಲ್ಲ. ಹಾಗಾಗಿ ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಮೃಷ್ಟಾನ್ನ ಬಿಡಿಸಿ, ಎಂ9 ಎಂಬ ಬಡ ಮಾಧ್ಯಮದಲ್ಲಿ ಲೀಟರಿಗೆ ಒಂದು ಗ್ರಾಂ ನೈಟ್ರೋಜನ್-15 ಅಮೋನಿಯಂ ಕ್ಲೋರೈಡ್ ಕೊಟ್ಟು ಬೆಳೆಸುತ್ತೇವೆ. ಬೇರೆ ನೈಟ್ರೋಜನ್ ಸಿಗದೆ ಅವು ಅದರಲ್ಲೇ ಪ್ರೋಟೀನ್ ಕಟ್ಟುತ್ತವೆ. ಮುನಿಸಿಕೊಂಡವರ ಹಾಗೆ ನಿಧಾನವಾಗಿ ಬೆಳೆಯುತ್ತವೆ ಅನ್ನುವುದೊಂದೇ ತಾಪತ್ರಯ.

ಚುಕ್ಕಿ ಹೇಗೆ ಸರಿಯಿತು ಅನ್ನುವುದು ಎಷ್ಟು ಸರಿಯಿತು ಅನ್ನುವುದಕ್ಕಿಂತ ಹೆಚ್ಚು ಹೇಳುತ್ತದೆ. ಅಣು ಸಡಿಲವಾಗಿ ಕೂತು, ಸೆಕೆಂಡಿಗೆ ಸಾವಿರಾರು ಸಲ ಎದ್ದು ಹೋಗಿ ಬರುತ್ತಿದ್ದರೆ ಎನ್‌ಎಂಆರ್‌ಗೆ ಕಾಣುವುದು ಸರಾಸರಿ ಮಾತ್ರ. ಹನಿಹನಿಯಾಗಿ ಅಣು ಸೇರಿಸುತ್ತ ಹೋದರೆ ಚುಕ್ಕಿ ನೇರ ಗೆರೆಯಲ್ಲಿ ಹೆಜ್ಜೆ ಹಾಕುತ್ತದೆ. ಬಿಗಿಯಾಗಿ ಕೂತು ಏಳುವುದೇ ಅಪರೂಪವಾದರೆ ಚುಕ್ಕಿ ನಡೆಯುವುದಿಲ್ಲ. ಹಳೆಯದು ಇದ್ದಲ್ಲೇ ಮಸುಕಾಗುತ್ತದೆ, ಬೇರೆಡೆ ಹೊಸದೊಂದು ಹುಟ್ಟುತ್ತದೆ. ಇವೆರಡರ ನಡುವಿನ ವೇಗವೇ ತಲೆನೋವು. ಚುಕ್ಕಿ ಹರಡಿ ಹರಡಿ ಮಾಯವೇ ಆಗಿಬಿಡುತ್ತದೆ. ಹೊಸಬರು "ಪ್ರೋಟೀನ್ ಕೆಟ್ಟುಹೋಯಿತು" ಎಂದು ಟ್ಯೂಬನ್ನು ಸಿಂಕಿಗೆ ಸುರಿಯುವುದು ಇಂಥ ಹೊತ್ತಿನಲ್ಲೇ.

ಮೊದಲ ಬಗೆಯಲ್ಲಿ ಚುಕ್ಕಿ ಸರಿದ ದೂರವನ್ನು ಅಣುವಿನ ಪ್ರಮಾಣದ ಎದುರು ಗ್ರಾಫ್ ಹಾಕಿ ಕೆಡಿ ಲೆಕ್ಕ ಹಾಕುತ್ತೇವೆ. ಪ್ರೋಟೀನಿನ ಅರ್ಧದಷ್ಟು ಜಾಗ ತುಂಬಲು ಎಷ್ಟು ಸಾಂದ್ರತೆಯ ಬಿಡಿ ಅಣು ಬೇಕು ಅನ್ನುವುದರ ಅಳತೆ ಅದು. ಸಂಖ್ಯೆ ದೊಡ್ಡದಾದಷ್ಟೂ ಬಂಧ ಸಡಿಲ. ಮೋಲಾರ್ ಸಾಂದ್ರತೆಯ ಅಳತೆ; ಮಿಲಿ, ಮೈಕ್ರೋ, ನ್ಯಾನೋ ಒಂದಕ್ಕಿಂತ ಒಂದು ಸಾವಿರ ಪಟ್ಟು ಸಣ್ಣವು. ನ್ಯಾನೋಮೋಲಾರ್ ಬಂಧದ ಕೆಡಿಯನ್ನು ಇದರಲ್ಲಿ ಅಳೆಯಲು ಹೋಗಬೇಡಿ. ಟ್ಯೂಬಿನಲ್ಲಿ ಪ್ರೋಟೀನೇ 100 ಮೈಕ್ರೋಮೋಲಾರ್ ಇರುವಾಗ ಹಾಕಿದ್ದೆಲ್ಲ ಅಂಟಿಕೊಳ್ಳುತ್ತದೆ, ಒಂದು ಪ್ರೋಟೀನಿಗೆ ಎಷ್ಟು ಅಣು ಅಂಟುತ್ತದೆ ಎಂಬ ಎಣಿಕೆಯನ್ನಷ್ಟೇ ಗ್ರಾಫ್ ಹೇಳುತ್ತದೆ. ಎನ್‌ಎಂಆರ್‌ನ ತಾಕತ್ತು ಇರುವುದು ಸಡಿಲ ಬಂಧದಲ್ಲೇ.

ಸಡಿಲ ಬಂಧ ಯಾರಿಗೆ ಬೇಕು ಅಂದಿರಾ? 1996ರಲ್ಲಿ ಅಮೆರಿಕದ ಅಬಾಟ್ ಕಂಪನಿಯಲ್ಲಿ ಸ್ಟೀಫನ್ ಫೆಸಿಕ್ ಮತ್ತು ಸಂಗಡಿಗರು ಎಫ್‌ಕೆಬಿಪಿ ಎಂಬ 107 ಅಮೈನೋ ಆಮ್ಲಗಳ ಪ್ರೋಟೀನ್ ಹಿಡಿದು ಕೂತರು. ಒಂದು ಅಣು 2 ಮೈಕ್ರೋಮೋಲಾರ್ ಬಿಗಿಯಲ್ಲಿ ಅಂಟಿತು. ಆ ಜಾಗ ತುಂಬಿರುವಂತೆಯೇ ಪಕ್ಕದಲ್ಲಿ ಅಂಟುವ ಇನ್ನೊಂದನ್ನು ಹುಡುಕಿದರು, ಅದು 100 ಮೈಕ್ರೋಮೋಲಾರ್‌ನ ದುರ್ಬಲ ಬಂಧ. ಎರಡನ್ನೂ ಒಂದು ಸೇತುವೆಯಿಂದ ಜೋಡಿಸಿದಾಗ ಸಿಕ್ಕಿದ್ದು 19 ನ್ಯಾನೋಮೋಲಾರ್. ಒಂಟಿಯಾಗಿ ಸಿಕ್ಕಿದ್ದರೆ ಯಾರೂ ತಿರುಗಿ ನೋಡದ ತುಣುಕುಗಳವು. ಅದೇ ಗುಂಪು ಮುಂದೆ ಬಿಸಿಎಲ್-ಎಕ್ಸ್‌ಎಲ್ ಎಂಬ ಪ್ರೋಟೀನಿಗೆ ಎನ್‌ಎಂಆರ್‌ನಲ್ಲಿ ತುಣುಕು ಹುಡುಕಿತು. ಆ ದಾರಿಯಲ್ಲಿ ಹುಟ್ಟಿದ ಅಣುಗಳ ವಂಶದ್ದೇ 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ರಕ್ತದ ಕ್ಯಾನ್ಸರ್ ಔಷಧ ವೆನೆಟೊಕ್ಲಾಕ್ಸ್. ಮೊದಲ ತುಣುಕುಗಳಲ್ಲಿ ಒಂದು ಬೈಫಿನೈಲ್ ಕಾರ್ಬಾಕ್ಸಿಲಿಕ್ ಆಮ್ಲ. ಅದರ ಕೆಡಿ ಸುಮಾರು 0.3 ಮಿಲಿಮೋಲಾರ್. ಅಂಟುತ್ತದೆ ಅನ್ನಲು ನಾಚಿಕೆಯಾಗುವಷ್ಟು.

ನಮ್ಮ ಹುಡುಗಿ ಬೆರೆಸಿದ್ದೂ ಒಂದು ಕಾರ್ಬಾಕ್ಸಿಲಿಕ್ ಆಮ್ಲವನ್ನೇ. ಡಿಎಂಎಸ್‌ಓ ಎಂಬ ದ್ರಾವಕದಲ್ಲಿ ಕರಗಿಸಿದ ಗಾಢ ಸ್ಟಾಕಿನಿಂದ ನೇರ ಟ್ಯೂಬಿಗೆ, 2 ಮಿಲಿಮೋಲಾರ್. ಬಫರ್ 20 ಮಿಲಿಮೋಲಾರ್ ಫಾಸ್ಫೇಟ್, ಪಿಎಚ್ 6.5. ಫಾಸ್ಫೇಟಿಗೆ ಆ ಪಿಎಚ್‌ನಲ್ಲಿ ಆಮ್ಲ ತಡೆಯುವ ಶಕ್ತಿ ಅಷ್ಟಕ್ಕಷ್ಟೆ. ಸಣ್ಣ ಎಲೆಕ್ಟ್ರೋಡ್ ಇಳಿಸಿ ನೋಡಿದರೆ 6.2. ಹಿಸ್ಟಿಡೀನ್ ಎಂಬ ಅಮೈನೋ ಆಮ್ಲ ಪ್ರೋಟಾನ್ ಹಿಡಿಯುವುದು, ಬಿಡುವುದು ಈ ಆಸುಪಾಸಿನಲ್ಲೇ. ಹಿಡಿದರೆ ಅಕ್ಕಪಕ್ಕದ ಚುಕ್ಕಿಗಳೂ ಸರಿಯುತ್ತವೆ. ಸರಿದ ಹದಿನಾಲ್ಕು ಚುಕ್ಕಿಗಳನ್ನು ಪ್ರೋಟೀನಿನ ರಚನೆಯ ಮೇಲೆ ಬಣ್ಣ ಹಚ್ಚಿ ನೋಡಿದೆವು: ಹನ್ನೊಂದು ಚುಕ್ಕಿಗಳು ಮೂರು ಹಿಸ್ಟಿಡೀನ್‌ಗಳ ನೆರೆಹೊರೆಯಲ್ಲಿ, ಪ್ರೋಟೀನಿನ ಮೂರು ದಿಕ್ಕಿಗೆ ಚೆದುರಿಕೊಂಡಿವೆ. ಒಂದು ಪುಟ್ಟ ಅಣು ಒಂದೇ ಸಲ ಮೂರು ಕಡೆ ಕೂರುವುದು ಹೇಗೆ? ಖಾತ್ರಿಗೆಂದು ಅಣುವಿನ ಬದಲು ಒಂದಿಷ್ಟು ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಪಿಎಚ್ 6.2ಕ್ಕೆ ಇಳಿಸಿದೆವು. ಅವೇ ಹನ್ನೊಂದು ಚುಕ್ಕಿ, ಅದೇ ದಿಕ್ಕಿಗೆ, ಅಷ್ಟೇ ದೂರ.

ಅವಳ ಮುಖ ನೋಡಲಾಗಲಿಲ್ಲ. ನಾನೂ ಸಂಶೋಧನೆಗೆ ಹೊಸದಾಗಿ ಸೇರಿದ್ದಾಗ ಇದೇ ತಪ್ಪು ಮಾಡಿ, ಪೋಸ್ಟರ್ ಕೂಡ ಹಾಕಿಬಿಟ್ಟಿದ್ದೆ ಅಂತ ಹೇಳಿದ ಮೇಲೆ ಸ್ವಲ್ಪ ನಕ್ಕಳು.

ಈಗ ನಮ್ಮಲ್ಲಿ ಎರಡು ಟ್ಯೂಬ್ ಮಾಡುವ ಪದ್ಧತಿ. ಒಂದರಲ್ಲಿ ಪ್ರೋಟೀನ್ ಮಾತ್ರ, ಇನ್ನೊಂದರಲ್ಲಿ ಅಷ್ಟೇ ಪ್ರೋಟೀನ್ ಜೊತೆಗೆ ಪೂರ್ತಿ ಪ್ರಮಾಣದ ಅಣು. ಎರಡರ ಪಿಎಚ್ಚೂ ಒಂದೇ, ಡಿಎಂಎಸ್‌ಓ ಪ್ರಮಾಣವೂ ಒಂದೇ. ನಡುವಿನ ಹಂತಗಳಿಗೆ ಎರಡರಿಂದಲೂ ಸಮ ಸಮ ತೆಗೆದು ಅದಲು ಬದಲು ಮಾಡುತ್ತ ಹೋದರೆ ಬದಲಾಗುವುದು ಅಣುವಿನ ಪ್ರಮಾಣವೊಂದೇ.

ಅವಳು ಆ ಸ್ಟಾಕನ್ನು ಸೋಡಿಯಂ ಹೈಡ್ರಾಕ್ಸೈಡಿನಿಂದ ಸರಿಮಾಡಿ, ಹಾಗೆಯೇ ಎರಡು ಟ್ಯೂಬಿನಲ್ಲಿ ಮತ್ತೆ ಪ್ರಯೋಗ ಮಾಡಿದಳು. ಹನ್ನೊಂದು ಚುಕ್ಕಿಗಳು ಕಪ್ಪಿನ ಮೇಲೆ ಕೆಂಪು ಮುಚ್ಚಿ ಕೂತವು. ಉಳಿದ ಮೂರು ಮಾತ್ರ ಜಾಗ ಬಿಟ್ಟೇ ನಿಂತಿದ್ದವು, ಮೂರೂ ಒಂದೇ ಸೀಳಿನ ಅಂಚಿನಲ್ಲಿ. 5 ಮಿಲಿಮೋಲಾರ್‌ವರೆಗೆ ಹಾಕಿದರೂ ಗ್ರಾಫ್ ಬಾಗಲೇ ಇಲ್ಲ, ಅಂದರೆ ಅರ್ಧ ಜಾಗವೂ ತುಂಬಿರಲಿಲ್ಲ. ನೋಟ್‌ಬುಕ್ಕಿನಲ್ಲಿ "ಕೆಡಿ 5 ಮಿಲಿಮೋಲಾರ್‌ಗಿಂತ ಹೆಚ್ಚು" ಎಂದಷ್ಟೇ ಬರೆಸಿದೆ. ಪಕ್ಕದಲ್ಲಿ ಕೂರುವ ಎರಡನೇ ತುಣುಕಿಗೆ ಅವಳು ಈಗ ಹುಡುಕುತ್ತಿದ್ದಾಳೆ.