ದೇವಿಮನೆ ಘಟ್ಟದಲ್ಲಿ ಬಿಚ್ಚದ ನಟ್

ಶಿರಸಿಯಿಂದ ಕುಮಟಾಕ್ಕೆ ಇಳಿಯುವಾಗ ದೇವಿಮನೆ ಘಟ್ಟದಲ್ಲಿ ನಮ್ಮ ಕಾರಿನ ಹಿಂದಿನ ಟೈರ್ ಪಂಕ್ಚರ್ ಆಯಿತು. ಜೊತೆಗೆ ಅಮ್ಮ ಇದ್ದರು. ಜಾಕಿ ಇತ್ತು, ಸ್ಟೆಪ್ನಿಯಲ್ಲಿ ಗಾಳಿಯೂ ಇತ್ತು. ಆದರೆ ನಾಲ್ಕು ನಟ್‌ಗಳಲ್ಲಿ ಒಂದೂ ಅಲುಗಲಿಲ್ಲ. ಕಾರಿನ ಜೊತೆ ಬಂದ ಪಾನಾದ ಮೇಲೆ ಹತ್ತಿ ನಿಂತೆ. ಮೂರು ನಟ್ ಹಾಗೇ ಕೂತಿದ್ದವು. ನಾಲ್ಕನೆಯದರ ಮೇಲೆ ಪಾನಾ ಜಾರಿತು, ನಟ್‌ನ ಮೂಲೆಗಳು ಸವೆದು ದುಂಡಗಾದವು.

ಒಂದು ಸಣ್ಣ ನಟ್ ಇಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುವುದು ಹೇಗೆ? ನಾವು ನಿಂತಿದ್ದ ರಸ್ತೆಯನ್ನೇ ನೋಡಿ. ಘಟ್ಟದ ರಸ್ತೆ ಬೆಟ್ಟವನ್ನು ನೇರವಾಗಿ ಹತ್ತುವುದಿಲ್ಲ, ಸುತ್ತಿ ಸುತ್ತಿ ಹತ್ತುತ್ತದೆ. ನಟ್ ಒಳಗಿನ ಸುರುಳಿ ಗೆರೆ, ಅಂದರೆ ಥ್ರೆಡ್ ಕೂಡ ಹಾಗೇ. ಅನೇಕ ಕಾರುಗಳಲ್ಲಿ ವೀಲ್ ಹಿಡಿಯುವ ಸ್ಟಡ್, ಅಂದರೆ ನಟ್ ಕೂರುವ ಬೋಲ್ಟ್, 12 ಮಿ.ಮೀ. ದಪ್ಪ ಇರುತ್ತದೆ. ಅದರ ಥ್ರೆಡ್ ಒಂದು ಸುತ್ತಿಗೆ 1.5 ಮಿ.ಮೀ. ಏರುತ್ತದೆ. ಅಂದರೆ ಸುಮಾರು 38 ಮಿ.ಮೀ. ದಾರಿ ಸುತ್ತಿ ಬಂದರೆ ನಟ್ ಮುಂದೆ ಹೋಗುವುದು ಬರೀ ಒಂದೂವರೆ ಮಿ.ಮೀ. 25 ಹೆಜ್ಜೆ ನಡೆದರೆ ಒಂದು ಹೆಜ್ಜೆ ಏರಿದ ಹಾಗೆ. ಇಷ್ಟು ಕಡಿಮೆ ಇಳಿಜಾರಿನಲ್ಲಿ ನಟ್ ತಾನಾಗಿ ಜಾರಿ ಬರುವುದಿಲ್ಲ. ಘರ್ಷಣೆ ಅದನ್ನು ಹಿಡಿದು ನಿಲ್ಲಿಸುತ್ತದೆ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಸ್ಟಡ್ ಅಂದರೆ ಒಂದು ಸ್ಪ್ರಿಂಗ್. ನಟ್ ಟೈಟ್ ಮಾಡಿದಾಗ ಉಕ್ಕಿನ ಸ್ಟಡ್ ನಿಜವಾಗಿಯೂ ಹಿಗ್ಗುತ್ತದೆ. ಹಿಗ್ಗುವುದು ಒಂದು ಕೂದಲೆಳೆಯ ದಪ್ಪದಷ್ಟೂ ಇಲ್ಲ, ಆದರೆ ಅದು ಮತ್ತೆ ಕುಗ್ಗಲು ಎಳೆಯುತ್ತಲೇ ಇರುತ್ತದೆ. ಸಣ್ಣ ಕಾರುಗಳ ವೀಲ್ ನಟ್‌ಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಸಾಕು. 100 ಎಂದು ಲೆಕ್ಕ ಹಿಡಿದರೆ ಒಂದೊಂದು ಸ್ಟಡ್ ಸುಮಾರು ನಾಲ್ಕು ಟನ್ ಬಲದಿಂದ ವೀಲನ್ನು ಅದು ಕೂರುವ ಹಬ್‌ಗೆ ಅದುಮಿ ಹಿಡಿಯುತ್ತದೆ. ನಾಲ್ಕೂ ಸೇರಿದರೆ ಹದಿನಾರು ಟನ್. ಕಾರು ಓಡುವಾಗ ವೀಲ್ ಅಲುಗದಂತೆ ಹಿಡಿಯುವುದು ಮುಖ್ಯವಾಗಿ ಈ ಅದುಮುವಿಕೆಯೇ.

ನಾವು ಹಾಕುವ ಬಲದಲ್ಲಿ ಸ್ಟಡ್ ಹಿಗ್ಗಿಸಲು ಹೋಗುವುದು ಸುಮಾರು ಹತ್ತನೇ ಒಂದು ಪಾಲು ಮಾತ್ರ. ಅರ್ಧದಷ್ಟು ನಟ್ ಕೂರುವ ಜಾಗದ ಘರ್ಷಣೆಗೆ ಹೋಗುತ್ತದೆ. ಉಳಿದದ್ದು ಥ್ರೆಡ್‌ಗಳ ನಡುವಿನ ಘರ್ಷಣೆಗೆ. ಹಾಗಾಗಿ ಬಿಚ್ಚುವಾಗಲೂ ನಮ್ಮ ಜಗಳ ಘರ್ಷಣೆಯ ಜೊತೆಗೇ. ಎಲ್ಲ ಸರಿ ಇದ್ದರೆ ಬಿಚ್ಚಲು ಟೈಟ್ ಮಾಡಿದ್ದಕ್ಕಿಂತ ಸ್ವಲ್ಪ ಕಡಿಮೆ ಬಲ ಸಾಕು. ಯಾಕೆಂದರೆ ಈಗ ಘಟ್ಟ ಇಳಿಯುತ್ತಿದ್ದೇವೆ, ಅಲ್ವಾ?

ಈಗ ನನ್ನ ಲೆಕ್ಕ. ನನ್ನ ತೂಕ 60 ಕೆ.ಜಿ. ಪಾನಾದ ಉದ್ದ 30 ಸೆಂ.ಮೀ. ಅದರ ತುದಿಯಲ್ಲಿ ನಿಂತರೆ ಸುಮಾರು 175 ನ್ಯೂಟನ್ ಮೀಟರ್ ಆಗುತ್ತದೆ. 100ಕ್ಕೆ ಟೈಟ್ ಮಾಡಿರಬೇಕಾದ ನಟ್ 175ಕ್ಕೂ ಬರಲಿಲ್ಲ ಅಂದರೆ ಕಾರಣ ಎರಡರಲ್ಲಿ ಒಂದು. ತುಕ್ಕು, ಇಲ್ಲವೇ ಟೈರ್ ಅಂಗಡಿಯಲ್ಲಿ ನಟ್ ಟೈಟ್ ಮಾಡುವ ಗಾಳಿ ಗನ್.

ಕರಾವಳಿಯಲ್ಲಿ ಮೊದಲು ಅನುಮಾನ ಬರುವುದು ತುಕ್ಕಿನ ಮೇಲೆ. ಕಡಲ ಗಾಳಿಯ ಉಪ್ಪು ತುಕ್ಕಿನ ಕೆಲಸವನ್ನು ಜೋರು ಮಾಡುತ್ತದೆ. ಕಬ್ಬಿಣ ತುಕ್ಕಾದಾಗ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಡುತ್ತದೆ. ಥ್ರೆಡ್‌ಗಳ ನಡುವಿನ ಸಂದಿಯಲ್ಲಿ ಆ ಜಾಗ ಎಲ್ಲಿದೆ? ಹಾಗಾಗಿ ತುಕ್ಕು ಒಳಗೇ ಬೆಣೆ ಹೊಡೆದ ಹಾಗೆ ಬಿಗಿಯಾಗುತ್ತದೆ.

ನಾವು ಒದ್ದಾಡುವುದನ್ನು ನೋಡಿ ಹುಬ್ಬಳ್ಳಿ ಕಡೆಯ ಲಾರಿ ಡ್ರೈವರ್ ಒಬ್ಬರು ನಿಲ್ಲಿಸಿದರು. ಮೊದಲು ಅಮ್ಮನನ್ನು ರಸ್ತೆಯಿಂದ ದೂರ ಕೂರಿಸಿದರು. ಕಾರನ್ನು ಜಾಕಿಯಿಂದ ಪೂರ್ತಿ ಇಳಿಸಿ, ಟೈರಿಗೆ ಕಲ್ಲು ಕೊಟ್ಟರು. ವೀಲ್ ನೆಲದ ಮೇಲೆ ಇರುವಾಗಲೇ ನಟ್ ಸಡಿಲಿಸಬೇಕು. ಮೇಲೆತ್ತಿದ ಕಾರನ್ನು ಜಗ್ಗಿದರೆ ಜಾಕಿ ಜಾರುತ್ತದೆ. ಆಮೇಲೆ ಪಾನಾಕ್ಕೆ ಒಂದು ಮೀಟರ್ ಉದ್ದದ ಪೈಪ್ ತೂರಿಸಿ ಹೇಳಿದರು: "ಮೊದ್ಲ ಸ್ವಲ್ಪ ಟೈಟ್ ಮಾಡ್ರೀ ಸರ, ಆಮ್ಯಾಲ ಬಿಚ್ರಿ."

ತುಕ್ಕು ಹಿಡಿದ ನಟ್‌ಗೆ ಇದು ಒಳ್ಳೆಯ ಉಪಾಯ. ತುಕ್ಕು ಗಟ್ಟಿ ನಿಜ, ಆದರೆ ಪೆಡಸು. ಯಾವ ಕಡೆಗೇ ಆಗಲಿ ಕೂದಲಷ್ಟು ಅಲುಗಿಸಿದರೆ ಅದು ಪುಡಿಯಾಗುತ್ತದೆ. ಆ ಸಣ್ಣ ಬಿರುಕಿನೊಳಗೆ ಎಣ್ಣೆ ತಾನಾಗಿ ಹೀರಿಕೊಂಡು ಹೋಗುತ್ತದೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ. ಅಂಗಡಿಯಲ್ಲಿ ಸಿಗುವ ಡಬ್ಲ್ಯೂಡಿ-40 ಹುಟ್ಟಿದ್ದು 1953ರಲ್ಲಿ, ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ. ನೀರನ್ನು ಓಡಿಸುವ (ವಾಟರ್ ಡಿಸ್‌ಪ್ಲೇಸ್‌ಮೆಂಟ್) ದ್ರವಕ್ಕಾಗಿ ಮಾಡಿದ 40ನೇ ಪ್ರಯತ್ನ, ಅದಕ್ಕೇ ಆ ಹೆಸರು. ಮೊದಲು ಬಳಸಿದ್ದು ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಹಿಡಿಯದಿರಲಿ ಎಂದು. ಇಂಥ ಎಣ್ಣೆ ಹಾಕಿ ತಕ್ಷಣ ಜಗ್ಗಬೇಡಿ, ಹತ್ತು ಹದಿನೈದು ನಿಮಿಷವಾದರೂ ಬಿಡಿ. ಬ್ರೇಕ್ ಡಿಸ್ಕ್ ಮೇಲೆ ಮಾತ್ರ ಒಂದು ಹನಿಯೂ ಬೀಳಬಾರದು.

ಕಾಯಿಸಿದರೆ ನಟ್ ಹಿಗ್ಗುತ್ತದೆ ಎಂದು ಬೆಂಕಿ ಹಿಡಿಯುವವರಿದ್ದಾರೆ. ಲೆಕ್ಕ ಹಾಕಿದರೆ 200 ಡಿಗ್ರಿ ಬಿಸಿಯೇರಿಸಿದರೂ 12 ಮಿ.ಮೀ. ಉಕ್ಕು ಹಿಗ್ಗುವುದು ಸುಮಾರು 0.03 ಮಿ.ಮೀ. ಅಷ್ಟರಿಂದಲೇ ತುಕ್ಕು ಬಿಡಬಹುದು. ಆದರೆ ಪಕ್ಕದಲ್ಲೇ ಟೈರ್ ಇದೆ, ಬಿಸಿಯಾದ ಟೈರ್ ಸಿಡಿಯುತ್ತದೆ. ದಾರಿಯಲ್ಲಿ ಇದನ್ನು ಖಂಡಿತ ಮಾಡಬೇಡಿ.

ಪೈಪ್ ಹಾಕಿದ ಮೇಲೆ ಮೂರು ನಟ್‌ಗಳು ಕಿರ್ ಎಂದು ಸಡಿಲವಾದವು. ನಾಲ್ಕನೆಯದು ಬರಲಿಲ್ಲ. ಡ್ರೈವರ್ ಮೂರನ್ನೂ ಮತ್ತೆ ಟೈಟ್ ಮಾಡಿದರು. ಮೊಳೆ ಟೈರಿನಲ್ಲೇ ಇದ್ದದ್ದರಿಂದ ಗಾಳಿ ಮೆಲ್ಲಗೆ ಸೋರುತ್ತಿತ್ತು. ಲಾರಿಯ ಏರ್ ಟ್ಯಾಂಕಿನಿಂದ ಪೈಪ್ ಎಳೆದು ಗಾಳಿ ತುಂಬಿಕೊಟ್ಟರು. ದುಡ್ಡು ಕೊಡಲು ಹೋದರೆ ಅಮ್ಮನಿಗೆ ಕೈಮುಗಿದು ಹೊರಟೇಬಿಟ್ಟರು. ನಿಧಾನಕ್ಕೆ ಕುಮಟಾ ತಲುಪಿದೆವು.

ಅಲ್ಲಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಒಂದು ಸೈಜ್ ಚಿಕ್ಕ ಸಾಕೆಟ್ ತೆಗೆದು, ದುಂಡಗಾದ ನಟ್ ಮೇಲೆ ಸುತ್ತಿಗೆಯಿಂದ ಹೊಡೆದು ಕೂರಿಸಿದರು. ಪಾನಾ ಸಡಿಲವಾಗಿದ್ದರೆ ಬಲವೆಲ್ಲ ಆರು ಮೂಲೆಗಳ ಅಂಚಿನ ಮೇಲೆ ಬೀಳುತ್ತದೆ, ಅದಕ್ಕೇ ಮೂಲೆ ಹೋಗುವುದು. ಹೊಡೆದು ಕೂರಿಸಿದ ಸಾಕೆಟ್ ಸುತ್ತಲೂ ಕಚ್ಚಿಕೊಳ್ಳುತ್ತದೆ. ಸುತ್ತಿಗೆಯ ಪೆಟ್ಟಿನ ಅದುರು ಕೂಡ ಥ್ರೆಡ್‌ಗೆ ತಲುಪುತ್ತದೆ, ಅದೂ ಒಂದು ಸಹಾಯ. ಒಳಗೆ ತಿರುಚಿದ ಅಂಚುಗಳಿರುವ ಸಾಕೆಟ್‌ಗಳೂ ಇವೆ. ತಿರುಗಿಸಿದಷ್ಟೂ ಅವು ಇನ್ನೂ ಆಳಕ್ಕೆ ಕಚ್ಚುತ್ತವೆ.

ನಟ್ ಬಂತು. ಮೆಕ್ಯಾನಿಕ್ ಅದನ್ನು ನನ್ನ ಕೈಗೆ ಕೊಟ್ಟರು. ಒಳಗೆ ತುಕ್ಕು ಇರಲೇ ಇಲ್ಲ. ಥ್ರೆಡ್ ಬೆಳ್ಳಗೆ ಹೊಳೆಯುತ್ತಿತ್ತು, ಒಂದೆರಡು ಸುತ್ತು ಕಿತ್ತುಹೋಗಿತ್ತು. ಸ್ಟಡ್ ನಡುವೆ ಸ್ವಲ್ಪ ತೆಳ್ಳಗಾಗಿತ್ತು. ಅದು ಸ್ಪ್ರಿಂಗ್ ಆಗಿ ಉಳಿದಿರಲಿಲ್ಲ. ಮಿತಿ ಮೀರಿ ಎಳೆದು ಹಿಗ್ಗಿದ್ದು ಮತ್ತೆ ಕುಗ್ಗುವುದಿಲ್ಲ. ಎರಡು ತಿಂಗಳ ಹಿಂದೆ ಟೈರ್ ಬದಲಿಸಿದ ಅಂಗಡಿಯಲ್ಲಿ ಗನ್ ಇಟ್ಟು ಡರ್ರ್ ಎಂದು ಟೈಟ್ ಮಾಡಿದ್ದು ನೆನಪಾಯಿತು. ದೊಡ್ಡ ಗನ್‌ಗಳು 500 ನ್ಯೂಟನ್ ಮೀಟರ್ ದಾಟಬಲ್ಲವು. ಆ ದಿನ ನಾನು ಪಕ್ಕದಲ್ಲೇ ಸುಮ್ನೆ ನಿಂತಿದ್ದೆ. ಈಗ ಹಾಗೆ ನಿಲ್ಲುವುದಿಲ್ಲ. ಗನ್ ಮೊದಲ ಸುತ್ತುಗಳಿಗೆ ಮಾತ್ರ, ಕೊನೆಯ ಟೈಟ್ ಎಷ್ಟು ಬಲ ಬಿತ್ತೆಂದು ತೋರಿಸುವ ಟಾರ್ಕ್ ರೆಂಚಿನಲ್ಲಿ ಮಾಡಿ ಎಂದು ಕೇಳುತ್ತೇನೆ. ಅದಿಲ್ಲದಿದ್ದರೆ ಕೈಯಲ್ಲೇ. 30 ಸೆಂ.ಮೀ. ಪಾನಾದ ತುದಿಯಲ್ಲಿ 35 ಕೆ.ಜಿ.ಯಷ್ಟು ಬಲ ಹಾಕಿದರೆ 100 ನ್ಯೂಟನ್ ಮೀಟರ್ ಆಗಿಯೇ ಬಿಡುತ್ತದೆ.

ಮುಂದೆ ಹೀಗೆ ಆಗದಿರಲಿ ಎಂದು ಥ್ರೆಡ್‌ಗೆ ಎಣ್ಣೆ ಹಚ್ಚಲು ನಾನು ಹೊರಟಿದ್ದೆ. ಮೆಕ್ಯಾನಿಕ್ ಬೇಡ ಅಂದರು. ಅವರು ಹೇಳಿದ್ದು ಸರಿ. ಎಣ್ಣೆಯಿಂದ ಘರ್ಷಣೆ ಕಡಿಮೆಯಾದರೆ ಅದೇ 100 ನ್ಯೂಟನ್ ಮೀಟರ್‌ಗೆ ಸ್ಟಡ್ ಇನ್ನೂ ಜಾಸ್ತಿ ಹಿಗ್ಗುತ್ತದೆ. ನಾಲ್ಕು ಟನ್ ಇದ್ದದ್ದು ಆರು ಟನ್ ಆಗಬಹುದು. ಕಾರು ಕಂಪನಿ ಬೇರೆ ಥರ ಹೇಳದಿದ್ದರೆ ವೀಲ್ ಸ್ಟಡ್ ಒಣಗಿರಬೇಕು ಎಂದೇ ಲೆಕ್ಕ.

ಹಳೆಯ ಸ್ಟಡ್ ಹೊಡೆದು ತೆಗೆದು ಹೊಸದು ಕೂರಿಸಿದರು, ಪಂಕ್ಚರ್ ಹಾಕಿದರು. ಐವತ್ತು ಕಿಲೋಮೀಟರ್ ಆದಮೇಲೆ ಒಮ್ಮೆ ನೋಡಿ ಅಂದಿದ್ದರು, ಹೊಸ ಭಾಗಗಳು ಕೂರುತ್ತಾ ಸ್ವಲ್ಪ ಸಡಿಲವಾಗುತ್ತವೆ. ಮುರ್ಡೇಶ್ವರದ ಹತ್ತಿರ ಮರದ ನೆರಳಿನಲ್ಲಿ ಕಾರು ನಿಲ್ಲಿಸಿದೆ. ಅಮ್ಮ ಪಾನಾ ತೆಗೆದುಕೊಟ್ಟರು. ಮೂರು ನಟ್ ಅಲುಗಲಿಲ್ಲ. ಹೊಸ ಸ್ಟಡ್‌ನದು ಕಾಲು ಸುತ್ತಿಗಿಂತ ಸ್ವಲ್ಪ ಕಡಿಮೆ ತಿರುಗಿ ನಿಂತಿತು.