ಗಡಿ ಕೋಟೆಯ ಆಟದ ಮಣೆ

2019ರಲ್ಲಿ ಉತ್ತರ ಇಂಗ್ಲೆಂಡಿನ ವಿಂಡೊಲಾಂಡ ಎಂಬ ಹಳೆಯ ರೋಮನ್ ಗಡಿ ಕೋಟೆಯಲ್ಲಿ ಅಗೆಯುತ್ತಿದ್ದವರಿಗೆ ಒಡೆದ ಚಪ್ಪಡಿಯೊಂದು ಸಿಕ್ಕಿತು. ಸ್ನಾನಗೃಹದ ಹಿಂದಿನ ಕಟ್ಟಡವೊಂದರ ನೆಲಕ್ಕೆ ಹಾಸಿದ್ದ ಕಲ್ಲು ಅದು. ಮೇಲೆ ನೋಡಿದರೆ ಅಡ್ಡಗೆರೆ, ಉದ್ದಗೆರೆ, ನಡುವೆ ಚೌಕದ ಮನೆಗಳು. ಆಟದ ಮಣೆ! ಮುರಿದ ಮೇಲೂ ಅದನ್ನು ಬಿಸಾಡದೆ ನೆಲಕ್ಕೆ ಹಾಕಿಕೊಂಡಿರಬೇಕು.

ರೋಮನ್ ಸೈನಿಕ ಅಂದ ಕೂಡಲೇ ನಮಗೆ ಕತ್ತಿ, ಗುರಾಣಿ ನೆನಪಾಗುತ್ತದೆ, ಅಲ್ವಾ? ಆದರೆ ಗಡಿಯಲ್ಲಿ ಕಾದಾಡುವ ದಿನಗಳಿಗಿಂತ ಕಾಯುವ ದಿನಗಳೇ ಜಾಸ್ತಿ. ವಿಂಡೊಲಾಂಡದಲ್ಲಿ ಇದ್ದವರು ಸಹಾಯಕ ಪಡೆಯವರು, ಅಂದರೆ ರೋಮನ್ ಪೌರರಲ್ಲದವರಿಂದ ಕಟ್ಟಿದ ಪಡೆಯವರು. ಇಂದಿನ ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಕಡೆಯಿಂದ ಬಂದ ತುಂಗ್ರಿಯನ್ನರು, ಬಟಾವಿಯನ್ನರು. ಸೇವೆ 25 ವರ್ಷ. ಅಷ್ಟು ವರ್ಷ ದೂರದ ಊರಿನ ಚಳಿ, ಮಳೆ.

ಅವರ ದಿನಚರಿ ನಮಗೆ ತಿಳಿದದ್ದು 1973ರಿಂದ ಸಿಗತೊಡಗಿದ ತೆಳು ಮರದ ಹಲಗೆಗಳಿಂದ. ಶಾಯಿಯಲ್ಲಿ ಬರೆದ ಪತ್ರ, ಲೆಕ್ಕ ಎಲ್ಲ ಅದರಲ್ಲಿವೆ. ಒಂದು ಲೆಕ್ಕದಲ್ಲಿ ತುಂಗ್ರಿಯನ್ ಪಡೆಯ ಬಲ 752. ಅವರಲ್ಲಿ 456 ಮಂದಿ ಬೇರೆಡೆ ಹೋಗಿದ್ದಾರೆ. ಉಳಿದವರಲ್ಲಿ 31 ಜನ ಕೆಲಸಕ್ಕೆ ಆಗದವರು, ಆ ಪೈಕಿ 10 ಮಂದಿಗೆ ಕಣ್ಣುಬೇನೆ. ಇನ್ನೊಂದು ಹಲಗೆಯಲ್ಲಿ ಮಾಸ್ಕ್ಲಸ್ ಎಂಬವನು ತನ್ನ ಅಧಿಕಾರಿ ಸೆರಿಯಾಲಿಸ್‌ಗೆ ಕೇಳಿಕೊಳ್ಳುತ್ತಾನೆ: ಜೊತೆಯವರ ಬಳಿ ಬಿಯರ್ ಇಲ್ಲ, ಕಳಿಸಿಕೊಡಿ. ಇದನ್ನು ಓದಿದಾಗ ನನಗೆ 1900 ವರ್ಷದ ದೂರ ಸರಿದುಹೋದ ಹಾಗೆ ಅನಿಸುತ್ತದೆ.

ಆ ಮಣೆಯ ಮೇಲೆ ಆಡಿದ್ದು ಬಹುಶಃ ಲಾಟ್ರಂಕ್ಯುಲಿ ಎಂಬ ಕಾಯಿ ಆಟ. ಹೆಸರಿನ ಮೂಲ ಪದ 'ಲಾಟ್ರೊ', ಅಂದರೆ ಮೊದಲಿಗೆ ಕೂಲಿ ಸೈನಿಕ, ಆಮೇಲೆ ದರೋಡೆಕೋರ. ಎದುರಾಳಿಯ ಕಾಯಿಯನ್ನು ನಮ್ಮ ಎರಡು ಕಾಯಿಗಳ ನಡುವೆ ಸಿಕ್ಕಿಸಿದರೆ ಅದು ಸತ್ತಂತೆ. ದಾಳದ ಅದೃಷ್ಟಕ್ಕೆ ಇಲ್ಲಿ ಕೆಲಸವಿಲ್ಲ, ಬುದ್ಧಿ ಓಡಬೇಕು.

ದಾಳದ ಆಟಗಳೂ ಇದ್ದವು, ಜೂಜೂ ಇತ್ತು. ಕೈಚಳಕದ ಮೋಸ ತಡೆಯಲು ಪುಟ್ಟ ಗೋಪುರದೊಳಗೆ ದಾಳ ಹಾಕುತ್ತಿದ್ದರು. ಅದು ಒಳಗಿನ ಮೆಟ್ಟಿಲುಗಳಿಗೆ ಬಡಿದು ಉರುಳಿ, ಕೆಳಗೆ ಹೊರಬರುತ್ತಿತ್ತು. 1985ರಲ್ಲಿ ಜರ್ಮನಿಯಲ್ಲಿ, ಹಳೆಯ ರೈನ್ ಗಡಿಗೆ ಹತ್ತಿರದ ಜಾಗದಲ್ಲಿ, 4ನೇ ಶತಮಾನದ ಅಂಥದ್ದೊಂದು ಲೋಹದ ಗೋಪುರ ಸಿಕ್ಕಿತು. ಅದರ ಮೈಮೇಲೆ ಕೊರೆದ ಮಾತು, ವಿಂಡೊಲಾಂಡದ ಉತ್ತರಕ್ಕೆ, ಇಂದಿನ ಸ್ಕಾಟ್ಲೆಂಡಿನಲ್ಲಿದ್ದ ಪಿಕ್ಟ್ ಜನರ ಬಗ್ಗೆಯೇ: "ಪಿಕ್ಟರು ಸೋತರು, ಶತ್ರು ನಾಶವಾದ, ನಿಶ್ಚಿಂತೆಯಿಂದ ಆಡಿ."