160 ಎಕರೆ ಪುಕ್ಕಟೆ ಸಿಕ್ಕರೂ ರೈತರು ಬಿಟ್ಟು ಹೋದದ್ದು ಯಾಕೆ?

ಪ್ರಶ್ನೆ: ಹಿಂದೆ ಅಮೆರಿಕದಲ್ಲಿ ಸರ್ಕಾರವೇ ರೈತರಿಗೆ 160 ಎಕರೆ ಜಮೀನು ಪುಕ್ಕಟೆ ಕೊಟ್ಟಿತ್ತಂತೆ. ನಿಜವೇ? ನಿಜವಾದರೆ ಎಷ್ಟೋ ಜನ ಅದನ್ನು ಬಿಟ್ಟು ಹೋದದ್ದು ಯಾಕೆ?

ನಿಜ. 1862ರ ಮೇ 20ರಂದು ಅಧ್ಯಕ್ಷ ಲಿಂಕನ್ ಹೋಮ್‌ಸ್ಟೆಡ್ ಕಾಯ್ದೆಗೆ ಸಹಿ ಹಾಕಿದರು. 21 ವರ್ಷ ತುಂಬಿದವರು ಅರ್ಜಿ ಹಾಕಬಹುದಿತ್ತು. ಮದುವೆಯಾಗದ ಹೆಂಗಸರಿಗೂ ವಿಧವೆಯರಿಗೂ ಅವಕಾಶವಿತ್ತು. ಯುರೋಪಿನಿಂದ ಆಗಷ್ಟೇ ಬಂದವರು ಪೌರತ್ವ ಪಡೆಯುತ್ತೇವೆ ಎಂದು ಬರೆದುಕೊಟ್ಟರೆ ಸಾಕಿತ್ತು. ಶುಲ್ಕ ಎಲ್ಲ ಸೇರಿ 18 ಡಾಲರ್. ಆ ಜಾಗದಲ್ಲೇ ಮನೆ ಕಟ್ಟಿ, ಐದು ವರ್ಷ ವಾಸವಿದ್ದು, ಸಾಗುವಳಿ ಮಾಡಬೇಕು. ಆಮೇಲೆ ಇಬ್ಬರು ಸಾಕ್ಷಿ ಹೇಳಿದರೆ ಹಕ್ಕುಪತ್ರ.

ಆದರೆ ಪುಕ್ಕಟೆ ಸಿಕ್ಕಿದ್ದು ನೆಲ ಮಾತ್ರ, ಬೇಸಾಯ ಅಲ್ಲ. ಎತ್ತು, ನೇಗಿಲು, ಬಿತ್ತನೆ ಬೀಜ, ಬಾವಿ, ಮೊದಲ ಬೆಳೆ ಬರುವ ತನಕ ಊಟ, ಎಲ್ಲಕ್ಕೂ ಸ್ವಂತ ದುಡ್ಡೇ ಬೇಕು. ಇಲ್ಲದವರು ಸಾಲ ಮಾಡಿದರು.

ನೆಬ್ರಾಸ್ಕ, ಕ್ಯಾನ್ಸಸ್ ಕಡೆಯ ಬಯಲನ್ನು ನೆನೆಸಿಕೊಳ್ಳಿ. ಕಣ್ಣು ಹಾಯಿಸಿದಷ್ಟೂ ಹುಲ್ಲು, ಮರ ಬಲು ಕಡಿಮೆ. ಮನೆಗೆ ತೊಲೆ, ಹಲಗೆ ಎಲ್ಲಿಂದ ತರುವುದು? ಅದಕ್ಕೆ ನೆಲವನ್ನೇ ಕತ್ತರಿಸಿದರು. ಹುಲ್ಲಿನ ಬೇರು ಹೆಣೆದುಕೊಂಡ ಮಣ್ಣನ್ನು ಪಟ್ಟಿ ಪಟ್ಟಿಯಾಗಿ ಎಬ್ಬಿಸಿ, ಸಲಿಕೆಯಿಂದ ತುಂಡು ಮಾಡಿ, ಹುಲ್ಲಿನ ಮುಖ ಕೆಳಗೆ ಬರುವಂತೆ ಇಟ್ಟಿಗೆಯ ಹಾಗೆ ಪೇರಿಸುತ್ತಿದ್ದರು. 16 ಅಡಿಗೆ 20 ಅಡಿಯ ಒಂದು ಕೋಣೆಗೆ ಸುಮಾರು 3,000 ತುಂಡು ಬೇಕಾಗುತ್ತಿತ್ತು. ಗೋಡೆ ಎರಡು ಅಡಿಗಿಂತ ದಪ್ಪ. ಹಾಗಾಗಿ ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಮಳೆ ಬಂದರೆ ಮಾತ್ರ ಪಾಡು ಬೇಡ. ಹೊರಗೆ ಮಳೆ ನಿಂತ ಮೇಲೂ ಒಳಗೆ ಚಾವಣಿಯಿಂದ ಕೆಸರು ನೀರು ತೊಟ್ಟಿಕ್ಕುತ್ತಲೇ ಇರುತ್ತಿತ್ತು. ಮಣ್ಣು, ಹುಳ, ಒಮ್ಮೊಮ್ಮೆ ಹಾವು ಕೂಡ ಮೇಲಿಂದ ಬೀಳುತ್ತಿದ್ದರಿಂದ ಚಾವಣಿಗೆ ಅಡಿಯಲ್ಲಿ ಬಟ್ಟೆ ಕಟ್ಟುತ್ತಿದ್ದರು. ಅಂಥ ಮನೆಯಲ್ಲಿ ಮಕ್ಕಳನ್ನು ಹೆತ್ತು ಸಾಕಿದ ತಾಯಂದಿರನ್ನು ನೆನೆದರೆ ನನಗೆ ಇವತ್ತಿಗೂ ಕೈ ಮುಗಿಯಬೇಕು ಅನ್ನಿಸುತ್ತದೆ.

ಒಲೆಗೆ ಸೌದೆಯೂ ಇಲ್ಲ. ಬಯಲಲ್ಲಿ ಒಣಗಿ ಬಿದ್ದ ಕಾಡೆಮ್ಮೆ, ದನಗಳ ಸಗಣಿ ಆರಿಸಿ ತಂದು ಉರಿಸುತ್ತಿದ್ದರು. ಅಂದರೆ ನಮ್ಮ ಕುರುಳೇ, ತಟ್ಟುವ ಕೆಲಸ ಇಲ್ಲ ಅಷ್ಟೆ. ಅದೂ ಮುಗಿದರೆ ಒಣಹುಲ್ಲನ್ನು ಹಗ್ಗದಂತೆ ಹೊಸೆದು ಒಲೆಗೆ ಹಾಕುತ್ತಿದ್ದರು.

ಆ ನೆಲ ಸುಲಭಕ್ಕೆ ಉಳುಮೆಗೆ ಬಗ್ಗುತ್ತಿರಲಿಲ್ಲ. ಬೇರು ಅಷ್ಟು ಗಟ್ಟಿ. ಮೊದಲ ವರ್ಷ ಎಷ್ಟೋ ಕಡೆ ಮೆಕ್ಕೆಜೋಳ ಬಿತ್ತಿದ್ದು ಕೊಡಲಿಯಿಂದ. ಮಗುಚಿದ ಹೆಂಟೆಗೆ ಕೊಡಲಿಯಿಂದ ಒಂದು ಏಟು, ಸೀಳಿನಲ್ಲಿ ಕಾಳು, ಮೇಲೆ ಕಾಲಿಂದ ಒಂದು ತುಳಿತ. ಹಾಗೆ ಸಾಲು ಸಾಲು, ದಿನವಿಡೀ.

ಇಷ್ಟೆಲ್ಲ ಮಾಡಿ ಬೆಳೆ ನಿಂತಾಗ 1874ರ ಬೇಸಿಗೆಯಲ್ಲಿ ಮಿಡತೆ ಬಂತು. ರಾಕಿ ಪರ್ವತದ ಕಡೆಯಿಂದ, ಸೂರ್ಯ ಮರೆಯಾಗುವಷ್ಟು. ಜೋಳ ಹೋಯಿತು. ಈರುಳ್ಳಿಯನ್ನು ನೆಲದೊಳಗೇ ತಿಂದು ಬರೀ ಗುಳಿ ಉಳಿಸಿದವು. ಗಿಡ ಉಳಿಯಲಿ ಎಂದು ಹೊದಿಸಿದ ಕೌದಿಯನ್ನೂ ಬಿಡಲಿಲ್ಲ. ಬೆವರಿನ ಉಪ್ಪು ಹತ್ತಿದ ಗುದ್ದಲಿ ಕಾವನ್ನು ಕೂಡ ಕೆರೆದವು. ಹಳಿ ಮೇಲೆ ಜಜ್ಜಿ ಹೋದ ಮಿಡತೆಯಿಂದ ರೈಲಿನ ಗಾಲಿ ಜಾರುತ್ತಿತ್ತು. ಆ ಚಳಿಗಾಲ ಸೈನ್ಯದ ಕೋಟು, ಬೂಟುಗಳನ್ನು ರೈತರಿಗೆ ಹಂಚಬೇಕಾಯಿತು. ಬಹಳ ಜನ ಗಾಡಿ ಕಟ್ಟಿ ಪೂರ್ವಕ್ಕೆ ವಾಪಸ್ ಹೊರಟಿದ್ದು ಇಂಥ ವರ್ಷಗಳಲ್ಲೇ.

ಇದಕ್ಕಿಂತ ದೊಡ್ಡ ಕಾರಣ ಮಳೆ. ಪಶ್ಚಿಮಕ್ಕೆ ಹೋದಷ್ಟೂ ಮಳೆ ಕಡಿಮೆ. ನೆಬ್ರಾಸ್ಕದ ಪಶ್ಚಿಮದಲ್ಲಿ ವರ್ಷಕ್ಕೆ 20 ಇಂಚೂ ಬೀಳದ ಜಾಗ ಜಾಸ್ತಿ. ಉಳುಮೆ ಹೋದಲ್ಲಿಗೆ ಮಳೆಯೂ ಹಿಂಬಾಲಿಸುತ್ತದೆ ಎಂದು ಆಗ ಜನರನ್ನು ನಂಬಿಸಿದ್ದರು. 1890ರ ದಶಕದ ಬರ ಆ ಮಾತನ್ನು ಸುಳ್ಳು ಮಾಡಿತು. ಒಳ್ಳೆ ಮಳೆಯ ಸೀಮೆಯಲ್ಲಿ 160 ಎಕರೆ ಸಿರಿತನ. ಒಣ ಸೀಮೆಯಲ್ಲಿ ಅದು ಒಂದು ಸಂಸಾರಕ್ಕೂ ಸಾಲುತ್ತಿರಲಿಲ್ಲ. ಅರ್ಜಿ ಹಾಕಿದವರೆಲ್ಲ ಹಕ್ಕುಪತ್ರ ಪಡೆಯದಿದ್ದಕ್ಕೆ ಸೋಮಾರಿತನ ಕಾರಣ ಅನ್ನುವುದು ಅನ್ಯಾಯದ ಮಾತು. ಗಟ್ಟಿಯಾಗಿ ನಿಂತವರೂ ಕಡಿಮೆ ಇಲ್ಲ. ವರ್ಷಗಳು ಉರುಳಿದಂತೆ ಸುಮಾರು 16 ಲಕ್ಷ ಹಕ್ಕುಪತ್ರ ಕೊಡಲಾಯಿತು, 27 ಕೋಟಿ ಎಕರೆ ಕೈ ಬದಲಾಯಿತು.

ಇನ್ನೊಂದು ಮಾತು ಹೇಳದೆ ಮುಗಿಸಲು ನನಗೆ ಮನಸ್ಸಿಲ್ಲ. ಸರ್ಕಾರ ಕೊಟ್ಟ ಆ ನೆಲ ಸರ್ಕಾರಕ್ಕೆ ಎಲ್ಲಿಂದ ಬಂತು? ಕಾಯ್ದೆ ಜಾರಿಯಾದ ಮೊದಲ ದಿನವೇ, 1863ರ ಜನವರಿ 1ರಂದು, ಡೇನಿಯಲ್ ಫ್ರೀಮನ್ ಅರ್ಜಿ ಹಾಕಿದರು. ಅವರ ಜಮೀನು ನೆಬ್ರಾಸ್ಕದ ಬಿಯಾಟ್ರಿಸ್ ಊರಿನ ಹತ್ತಿರ. ಅದು ಓಟೊ-ಮಿಸೂರಿಯ ಎಂಬ ಮೂಲನಿವಾಸಿ ಜನರ ಸೀಮೆ. 1854ರ ಒಪ್ಪಂದದಲ್ಲಿ ಬಹುಪಾಲು ಬಿಟ್ಟುಕೊಟ್ಟು, ದಕ್ಷಿಣಕ್ಕೆ ಒಂದು ಚೂರು ಮೀಸಲು ಜಾಗದಲ್ಲಿ ಅವರು ಉಳಿದಿದ್ದರು. 1881ರಲ್ಲಿ ಅದನ್ನೂ ಬಿಟ್ಟು ಅವರು ಇಂದಿನ ಓಕ್ಲಹೋಮಕ್ಕೆ ಹೋಗಬೇಕಾಯಿತು.